ಟೊಮೆಟೊ ಊಜಿಗೆ ನೀರಿನ ಟ್ರಾಪ್, ಲೂರ್: ಒಂದು ಬೆಳೆ ಪೂರ್ತಿ ಇಟ್ಟು ನೋಡಿ ಬರೆದ ರಿವ್ಯೂ

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆ ಟೊಮೆಟೊ ಇಡೋರು ಯಾರಾದ್ರೂ ಇದನ್ನ ಓದ್ತಿದ್ರೆ ಮೊದಲೇ ಹೇಳಿಬಿಡ್ತೀನಿ, ಟೊಮೆಟೊ ಎಲೆ, ಕಾಯಿ ಕೊರೆಯೋ ಊಜಿ ಹುಳಕ್ಕೆ ಇಡೋ ಈ ಟ್ರಾಪ್ ತಗೊಳ್ಳಿ, ಸಸಿ ನಾಟಿ ಮಾಡೋ ದಿನವೇ ತೋಟದಲ್ಲಿ ಇರಲಿ, ಆದ್ರೆ ಔಷಧಿ ಅಂದ್ಕೊಂಡು ತಗೋಬೇಡಿ. ಇದು ಹುಳನ ಖಾಲಿ ಮಾಡಲ್ಲ. ಹುಳ ಯಾವಾಗ ತೋಟಕ್ಕೆ ಬಂತು, ಯಾವಾಗ ಜಾಸ್ತಿ ಆಗ್ತಿದೆ, ಔಷಧಿ ಹೊಡೆಯೋದಾದ್ರೆ ಯಾವ ವಾರ ಹೊಡೀಬೇಕು ಅನ್ನೋದನ್ನ ಹೇಳುತ್ತೆ. ಅದು ಗೊತ್ತಾಗೋದಕ್ಕೇ ನಾನು ಈ ಬೆಲೆ ಕೊಡೋಕೆ ರೆಡಿ. ಔಷಧಿ ಅಂಗಡೀಲಿ ಇದನ್ನ ಮಾರೋವಾಗ "ಅಣ್ಣ, ಇದು ನೇತಾಕಿದ್ರೆ ಊಜಿ ಪೂರ್ತಿ ಕ್ಲೀನ್" ಅಂತ ಮಾರ್ತಾರೆ, ಅದನ್ನ ನಂಬಿ ತಗೊಂಡೋರು ಒಂದು ತಿಂಗಳಾದ್ಮೇಲೆ ಕಾಯಲ್ಲಿ ತೂತು ನೋಡಿ ಟ್ರಾಪ್ ಕಿತ್ತು ಬದು ಮೇಲೆ ಬಿಸಾಕ್ತಾರೆ. ಹಂಗೆ ಬಿಸಾಕಿರೋ ಹಳದಿ ತಟ್ಟೆಗಳು ನಮ್ಮ ಕಡೆ ಎಷ್ಟೋ ತೋಟದಲ್ಲಿ ಕಾಣಿಸ್ತವೆ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ಬಾಕ್ಸಲ್ಲಿ ಏನು ಬರುತ್ತೆ ಅಂದ್ರೆ, ಅಗಲದ ಒಂದು ಪ್ಲಾಸ್ಟಿಕ್ ತಟ್ಟೆ, ಅದರ ಮೇಲೆ ಮಳೆ ಬಿಸಿಲು ತಡೆಯೋಕೆ ಒಂದು ಮುಚ್ಚಳ, ಮಧ್ಯದಲ್ಲಿ ಲೂರ್ ಸಿಕ್ಕಿಸೋ ಜಾಗ. ಲೂರ್ ಬೇರೆಯಾಗಿ ಬೆಳ್ಳಿ ಬಣ್ಣದ ಕವರಲ್ಲಿ ಸೀಲ್ ಆಗಿರುತ್ತೆ. ಬೆರಳ ತುದಿಯಷ್ಟು ರಬ್ಬರ್ ಬಿರಡೆ ಅದು. ಹೆಣ್ಣು ಚಿಟ್ಟೆ ಗಂಡನ್ನ ಕರೆಯೋಕೆ ಬಿಡೋ ವಾಸನೆನ ಲ್ಯಾಬಲ್ಲಿ ತಯಾರು ಮಾಡಿ ಆ ರಬ್ಬರಿಗೆ ಕುಡಿಸಿರ್ತಾರೆ, ನಮ್ಮ ಮೂಗಿಗೆ ಏನೂ ಗೊತ್ತಾಗಲ್ಲ. ಗಂಡು ಚಿಟ್ಟೆ ಅದನ್ನ ಹುಡುಕ್ಕೊಂಡು ಬಂದು ಸುತ್ತಿ ಸುತ್ತಿ ತಟ್ಟೆಲಿರೋ ಸೋಪಿನ ನೀರಿಗೆ ಬೀಳುತ್ತೆ. ಇಷ್ಟೇ ಇದರ ಮೆಕ್ಯಾನಿಸಂ, ಕರೆಂಟ್ ಬೇಡ, ಬ್ಯಾಟರಿ ಬೇಡ. ತಟ್ಟೆ ಎರಡು ಮೂರು ಬೆಳೆಗೆ ಬರುತ್ತೆ, ಲೂರ್ ಮಾತ್ರ ನಾಲ್ಕರಿಂದ ಆರು ವಾರಕ್ಕೆ ಬದಲಾಯಿಸ್ತಾ ಇರಬೇಕು. ಬೇಸಿಗೆ ಬಿಸಿಲಲ್ಲಿ ವಾಸನೆ ಬೇಗ ಆರಿಹೋಗುತ್ತೆ, ಹಾಗಾಗಿ ಮಾರ್ಚ್ ಏಪ್ರಿಲ್ ಬೆಳೆಗೆ ನಾಲ್ಕು ವಾರ ಅಂತಲೇ ಇಟ್ಕೊಳ್ಳಿ.

ಈಗ ಹುಳದ ವಿಷಯ. ಇದು ಗೊತ್ತಿಲ್ಲದೆ ಟ್ರಾಪ್ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಹೇಳೋಕೆ ಆಗಲ್ಲ.

ನಮ್ಮ ಕಡೆ ಊಜಿ ಅಂತ ಕರೆಯೋ ಈ ಟೊಮೆಟೊ ಹುಳ ರೇಷ್ಮೆಗೆ ಬರೋ ಊಜಿ ನೊಣ ಅಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಇದು ಒಂದು ಸಣ್ಣ ಚಿಟ್ಟೆ. ಹೆಸರು ಟ್ಯೂಟ ಅಬ್ಸೊಲ್ಯೂಟ. ಊರು ದಕ್ಷಿಣ ಅಮೆರಿಕ, 1917ರಲ್ಲಿ ಪೆರು ದೇಶದಿಂದ ಸಿಕ್ಕ ಚಿಟ್ಟೆ ನೋಡಿ ಮೊದಲ ಸಲ ಇದರ ವಿವರ ಬರೆದಿದ್ದು. 2006ರಲ್ಲಿ ಸ್ಪೇನಿಗೆ ಬಂತು, ಅಲ್ಲಿಂದ ಯೂರೋಪು, ಆಫ್ರಿಕ, ಏಷ್ಯ ಅಂತ ಕೆಲವೇ ವರ್ಷದಲ್ಲಿ ಹರಡ್ಕೊಂಡು 2014ರಲ್ಲಿ ನಮ್ಮ ದೇಶದಲ್ಲಿ ಕಾಣಿಸ್ಕೊಳ್ತು, ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ ಆಗಲೇ ಸಿಕ್ಕಿತ್ತು. ಅಂದ್ರೆ ನಮ್ಮಪ್ಪನ ಕಾಲದಲ್ಲಿ ಟೊಮೆಟೊ ಇಟ್ಟೋರಿಗೆ ಈ ಹುಳ ಗೊತ್ತೇ ಇರಲಿಲ್ಲ, ಅವರಿಗೆ ಗೊತ್ತಿದ್ದಿದ್ದು ಕಾಯಿ ಕೊರೆಯೋ ದಪ್ಪ ಹಸಿರು ಹುಳ. ಅದು ಅರ್ಧ ಮೈ ಹೊರಗೆ ಬಿಟ್ಕೊಂಡು ಕಾಯಿ ತಿನ್ನುತ್ತೆ, ಕಣ್ಣಿಗೆ ಕಾಣುತ್ತೆ, ಕೈಲಿ ಆರಿಸಬಹುದು. ಇದು ಹಂಗಲ್ಲ. ಇದು ಎಲೆ ಒಳಗೇ ಸಂಸಾರ ಮಾಡೋದು.

ಹೆಣ್ಣು ಚಿಟ್ಟೆ ರಾತ್ರಿ ಹೊತ್ತು ಮೊಟ್ಟೆ ಇಡುತ್ತೆ, ಒಂದೊಂದಾಗಿ, ಹೆಚ್ಚಾಗಿ ಎಲೆ ಅಡಿಗೆ, ಕೆಲವು ಸಲ ಎಳೆ ಕಾಂಡಕ್ಕೆ, ಕಾಯಿ ತೊಟ್ಟಿನ ಹತ್ರ. ಮೊಟ್ಟೆ ಅರ್ಧ ಮಿಲಿಮೀಟರ್ ಕೂಡ ಇರಲ್ಲ, ಬೆಣ್ಣೆ ಬಣ್ಣ, ಬರಿಗಣ್ಣಲ್ಲಿ ಕಾಣೋದು ಕಷ್ಟ, ಲೆನ್ಸ್ ಇದ್ರೆ ಕಾಣುತ್ತೆ. ಒಂದು ಹೆಣ್ಣು ಅದರ ಆಯಸ್ಸಲ್ಲಿ 250 ದಾಟಿ ಮೊಟ್ಟೆ ಇಡಬಲ್ಲದು, ಅದರಲ್ಲಿ ಹೆಚ್ಚಿನದು ಮೊದಲ ವಾರದಲ್ಲೇ. ನಾಲ್ಕೈದು ದಿನಕ್ಕೆ ಮರಿ ಆಚೆ ಬರುತ್ತೆ, ಒಂದು ಮಿಲಿಮೀಟರ್ ಉದ್ದ, ಸ್ವಲ್ಪ ಹೊತ್ತು ಎಲೆ ಮೇಲೆ ಓಡಾಡಿ ಜಾಗ ನೋಡ್ಕೊಂಡು ಎಲೆ ಕೊರೆದು ಒಳಗೆ ಹೋಗಿಬಿಡುತ್ತೆ. ಆ ಸ್ವಲ್ಪ ಹೊತ್ತೇ ಎಲ್ಲಾ! ಅಷ್ಟು ಹೊತ್ತು ಮಾತ್ರ ಅದು ಹೊರಗೆ, ನಮ್ಮ ಔಷಧಿಗೆ ನೇರ ಸಿಗೋ ಥರ ಇರುತ್ತೆ, ಆಮೇಲೆ ಅದು ಎಲೆಯ ಮೇಲಿನ ಸಿಪ್ಪೆ ಕೆಳಗಿನ ಸಿಪ್ಪೆ ಎರಡರ ಮಧ್ಯೆ ಕೂತ್ಕೊಂಡು ಒಳಗಿರೋ ಹಸಿರು ಭಾಗ ಮಾತ್ರ ತಿನ್ನುತ್ತೆ, ಹೋಳಿಗೆಲಿ ಕಣಕ ಎರಡೂ ಕಡೆ ಹಂಗೇ ಬಿಟ್ಟು ಹೂರಣ ತೆಗೆದು ತಿಂದ ಹಾಗೆ. ನಾವು ಮೇಲಿಂದ ಎಷ್ಟು ಹೊಡೆದ್ರೂ ಮೈಗೆ ತಾಗಿದ್ರೆ ಸಾಯಿಸೋ ಔಷಧಿ ಎಲೆ ಸಿಪ್ಪೆ ಮೇಲೇ ನಿಂತುಬಿಡುತ್ತೆ.

ಮರಿ ನಾಲ್ಕು ಹಂತದಲ್ಲಿ ಬೆಳೆಯುತ್ತೆ, ಮೂರು ಸಲ ಪೊರೆ ಬಿಡುತ್ತೆ, ರೇಷ್ಮೆ ಹುಳು ಸಾಕಿದೋರಿಗೆ ಜ್ವರಕ್ಕೆ ಕೂತು ಏಳೋದು ಗೊತ್ತಿರುತ್ತಲ್ಲ, ಇದಕ್ಕೂ ಹಂಗೇ. ಮೊದಲು ಬೆಳ್ಳಗೆ, ತಲೆ ಕಪ್ಪು. ಬೆಳೀತಾ ಬೆಳೀತಾ ಹಸಿರು, ಕೊನೇ ಹಂತಕ್ಕೆ ಬೆನ್ನು ಗುಲಾಬಿ ಬಣ್ಣಕ್ಕೆ ತಿರುಗುತ್ತೆ, ಉದ್ದ ಏಳೆಂಟು ಮಿಲಿಮೀಟರ್. ತಲೆ ಹಿಂದೆ ಒಂದು ತೆಳ್ಳಗಿನ ಕಪ್ಪು ಪಟ್ಟಿ ಇದೆ, ಗುರುತು ಹಿಡಿಯೋಕೆ ಅದು ಒಳ್ಳೇದು. ಎಲೆ ಒಳಗೇ ಹಿಕ್ಕೆ ಹಾಕ್ಕೊಂಡು ಇರುತ್ತೆ, ಎಲೆ ಬಿಸಿಲಿಗೆ ಹಿಡಿದ್ರೆ ಗಾಜಿನ ಥರ ಕಾಣೋ ಅಗಲದ ಮಚ್ಚೆ, ಅದರ ಒಂದು ಮೂಲೇಲಿ ಕಪ್ಪು ಹಿಕ್ಕೆ, ಇನ್ನೊಂದು ಕಡೆ ಹುಳ. ಒಂದು ಎಲೆ ಮುಗಿದ್ರೆ ಆಚೆ ಬಂದು ಇನ್ನೊಂದಕ್ಕೆ ಹೋಗುತ್ತೆ, ಕಾಯಿ ಇದ್ರೆ ತೊಟ್ಟಿನ ಕೆಳಗಿಂದ ಕಾಯಿಗೇ ಹೋಗುತ್ತೆ, ಗುಂಡುಸೂಜಿ ಚುಚ್ಚಿದಷ್ಟು ತೂತು. ಕೊಯ್ಲು ಮಾಡೋ ಹೆಣ್ಣಾಳುಗಳಿಗೆ ಸಂಜೆ ಹೊತ್ತಲ್ಲಿ ಅದು ಕಾಣಲ್ಲ, ಬಾಕ್ಸ್ ತುಂಬಿ ಮಂಡಿಗೆ ಹೋಗುತ್ತೆ, ಲಾರಿ ಹತ್ತಿ ದೂರದ ಊರಿಗೆ ಹೋಗೋ ಹೊತ್ತಿಗೆ ಆ ತೂತಿಂದ ಕೊಳೆ ಶುರುವಾಗಿ ಪಕ್ಕದ ಕಾಯಿನೂ ಹಾಳು ಮಾಡುತ್ತೆ. ವ್ಯಾಪಾರಿ ಮುಂದಿನ ಸಲ ನಮ್ಮ ಮಾಲು ನೋಡಿದ್ರೆ ರೇಟ್ ಇಳಿಸ್ತಾರೆ, ಅದರಲ್ಲಿ ಅವರದ್ದೂ ತಪ್ಪಿಲ್ಲ.

ಎರಡು ವಾರ ತಿಂದ್ಮೇಲೆ ಹೆಚ್ಚಿನ ಹುಳ ದಾರ ಬಿಟ್ಕೊಂಡು ಮಣ್ಣಿಗೆ ಇಳಿದು ಕೋಶ ಕಟ್ಟುತ್ತೆ, ಕೆಲವು ಎಲೆ ಮಡಿಕೇಲಿ, ಒಣಗಿದ ಎಲೇಲಿ, ತೊಟ್ಟಿನ ಹತ್ರ. ಅಲ್ಲಿ ಹತ್ತು ದಿನದ ಸುಮಾರು. ಆಮೇಲೆ ಚಿಟ್ಟೆ, ರೆಕ್ಕೆ ಬಿಚ್ಚಿದ್ರೆ ಒಂದು ಸೆಂಟಿಮೀಟರ್ ಅಗಲ, ಬೂದಿ ಕಂದು ಬಣ್ಣ, ಮೇಲೆ ಕಪ್ಪು ಚುಕ್ಕೆ, ಹಗಲೆಲ್ಲ ಎಲೆ ಮಧ್ಯೆ ಬಚ್ಚಿಟ್ಕೊಂಡಿರುತ್ತೆ, ಗಿಡ ಅಲ್ಲಾಡಿಸಿದ್ರೆ ಪುರ್ ಅಂತ ಹಾರಿ ಪಕ್ಕದ ಗಿಡಕ್ಕೆ ಕೂರುತ್ತೆ. ಗಂಡು ಒಂದು ವಾರ ಬದುಕುತ್ತೆ, ಹೆಣ್ಣು ಹತ್ತರಿಂದ ಹದಿನೈದು ದಿನ.

ಇಡೀ ಚಕ್ರ ಎಷ್ಟು ದಿನ ಅನ್ನೋದು ಸೆಖೆ ಮೇಲೆ ಹೋಗುತ್ತೆ. 14 ಡಿಗ್ರೀಲಿ ಮೊಟ್ಟೆಯಿಂದ ಚಿಟ್ಟೆ ಆಗೋಕೆ 76 ದಿನ, 20 ಡಿಗ್ರಿ ಹತ್ರ 40 ದಿನ, 27 ಡಿಗ್ರೀಲಿ ಬರೀ 24 ದಿನ. ಈ ಲೆಕ್ಕ ನಮ್ಮ ಕೋಲಾರಕ್ಕೆ ಹಾಕಿ ನೋಡಿ. ಡಿಸೆಂಬರ್ ಜನವರಿ ಚಳೀಲಿ ಅದು ನಿಧಾನ, ನಾವೂ ನೆಮ್ಮದಿಯಾಗಿರ್ತೀವಿ. ಫೆಬ್ರವರಿ ಕಳೆದು ಬಿಸಿಲು ಏರಿದ ಮೇಲೆ ತಿಂಗಳಿಗೊಂದು ತಲೆಮಾರು, ಅದೂ ಸಾಲಾಗಿ ಬರಲ್ಲ, ಒಂದೇ ಗಿಡದಲ್ಲಿ ಮೊಟ್ಟೆ, ಸಣ್ಣ ಮರಿ, ದೊಡ್ಡ ಹುಳ, ಕೋಶ, ಚಿಟ್ಟೆ ಎಲ್ಲಾ ಒಟ್ಟಿಗೆ ಇರ್ತವೆ. ವರ್ಷಕ್ಕೆ ಹತ್ತು ಹನ್ನೆರಡು ತಲೆಮಾರು ಆಗಬಲ್ಲದು, ತಿನ್ನೋಕೆ ಗಿಡ ಇರೋವರೆಗೂ ಇದು ನಿದ್ದೆಗೆ ಹೋಗಿ ಕಾಲ ಕಳೆಯೋ ಜಾತಿ ಅಲ್ಲ. ನಮ್ಮ ಜಿಲ್ಲೇಲಿ ವರ್ಷದ ಯಾವ ತಿಂಗಳಲ್ಲಿ ಟೊಮೆಟೊ ಗಿಡ ಇರಲ್ಲ ಹೇಳಿ?

ಟ್ರಾಪ್ ಬೆಲೆ ಇರೋದು ಇಲ್ಲೇ. ತಟ್ಟೇಲಿ ಚಿಟ್ಟೆ ಬೀಳೋದು ಜಾಸ್ತಿ ಆಯ್ತು ಅಂದ್ರೆ ಗಂಡು ಹೆಣ್ಣು ಎರಡೂ ಹಾರಾಡ್ತಿವೆ ಅಂತ ಅರ್ಥ, ಇನ್ನು ಕೆಲವೇ ದಿನಕ್ಕೆ ಮೊಟ್ಟೆ ಒಡೆದು ಮರಿ ಎಲೆ ಒಳಗೆ ಹೋಗುತ್ತೆ ಅಂತ ಅರ್ಥ. ಎಲೆ ಮೇಲೆ ಮಚ್ಚೆ ಕಾಣಿಸಿದ ಮೇಲೆ ಓಡೋದಕ್ಕೂ, ಮಚ್ಚೆ ಬರೋಕೆ ಮುಂಚೆ ಗೊತ್ತಾಗೋದಕ್ಕೂ ಒಂದು ವಾರದ ಮೇಲೆ ವ್ಯತ್ಯಾಸ ಇದೆ, 24 ದಿನದ ಚಕ್ರದಲ್ಲಿ ಒಂದು ವಾರ ಅಂದ್ರೆ ಎಷ್ಟು ಅಂತ ನೀವೇ ಲೆಕ್ಕ ಹಾಕ್ಕೊಳ್ಳಿ. ನಾನು ದಿನಾ ಬೆಳಿಗ್ಗೆ ಡ್ರಿಪ್ ವಾಲ್ವ್ ತಿರುಗಿಸೋಕೆ ಹೋದಾಗ ತಟ್ಟೆ ನೋಡಿ, ಚಿಟ್ಟೆ ಎಣಿಸಿ, ಸೋಸಿ ಬಿಸಾಕಿ, ಗೋಡೆ ಕ್ಯಾಲೆಂಡರ್ ಮೇಲೆ ಬರೀತಿದ್ದೆ. ಮೊದಮೊದಲು ಏನೂ ಇಲ್ಲ, ಒಂದೋ ಎರಡೋ. ಹೂವು ಕಟ್ಟೋ ಹೊತ್ತಿಗೆ ಏರ್ತಾ ಹೋಯ್ತು, ಆವಾಗ ಎಲೆ ಅಡಿ ತಿರುಗಿಸಿ ಹುಡುಕಿದ್ರೆ ಹೌದು, ಸಣ್ಣ ಸಣ್ಣ ಮಚ್ಚೆ ಶುರು. ಇಷ್ಟು ಬಿದ್ರೆ ಹೊಡೀಬೇಕು ಅಂತ ಎಲ್ಲಾ ತೋಟಕ್ಕೂ ಒಂದೇ ನಂಬರ್ ಹೇಳೋರನ್ನ ನಾನು ಒಪ್ಪಲ್ಲ, ನಿಮ್ಮ ತೋಟದಲ್ಲಿ ಹೋದ ವಾರಕ್ಕಿಂತ ಈ ವಾರ ಏರ್ತಿದೆಯಾ ಅನ್ನೋದೇ ಮುಖ್ಯ, ಅದರ ಜೊತೆ ಎಲೆ ನೋಡಲೇಬೇಕು.

ಇಡೋ ಜಾಗದ ಬಗ್ಗೆ ಬಾಕ್ಸ್ ಜೊತೆ ಬಂದ ಚೀಟೀಲಿ ಏನೂ ಇರಲಿಲ್ಲ, ಇದು ದೊಡ್ಡ ಕೊರತೆ. ಎಲ್ಲರೂ ಕಡ್ಡಿ ತುದಿಗೆ, ತಲೆ ಎತ್ತರಕ್ಕೆ ಕಟ್ತಾರೆ, ಮಾವಿಗೆ ನೊಣದ ಟ್ರಾಪ್ ಕಟ್ಟಿ ಅಭ್ಯಾಸ ಆಗಿರೋದಕ್ಕೆ. ಈ ಚಿಟ್ಟೆ ಮೇಲೆ ಹಾರಲ್ಲ, ಗಿಡದ ಎತ್ತರದಲ್ಲೇ ಓಡಾಡುತ್ತೆ, ಅದರಲ್ಲೂ ಸಸಿ ಸಣ್ಣದಿದ್ದಾಗ ತಟ್ಟೆ ನೆಲಕ್ಕೆ ಹತ್ರ ಇರಬೇಕು, ಇಟ್ಟಿಗೆ ಮೇಲೆ ಇಟ್ರೂ ಸಾಕು. ತೋಟದ ಬದು ಕಡೆ, ಗಾಳಿ ಬರೋ ದಿಕ್ಕಿಗೆ ಒಂದಾದ್ರೂ ಇರಲಿ, ಪಕ್ಕದ ತೋಟದಿಂದ ಬರೋದು ಮೊದಲು ಅಲ್ಲೇ ಗೊತ್ತಾಗುತ್ತೆ. ಬರೀ ನೋಡ್ಕೊಳ್ಳೋಕೆ ಅಂದ್ರೆ ಎಕರೆಗೆ ಎರಡು ಮೂರು ಟ್ರಾಪ್ ಸಾಕು. ಗಂಡು ಚಿಟ್ಟೆ ಸಂಖ್ಯೆ ಕಡಿಮೆ ಮಾಡೋಕೆ ಅಂತ ಇಡೋದಾದ್ರೆ ಹೆಕ್ಟೇರಿಗೆ 40, ಅಂದ್ರೆ ಎಕರೆಗೆ 16ರ ಹತ್ರ ಬೇಕಾಗುತ್ತೆ, ಅಷ್ಟು ಇಟ್ರೆ ಖರ್ಚು ಬೇರೆ ಲೆಕ್ಕಕ್ಕೆ ಹೋಗುತ್ತೆ, ನೀರು ತುಂಬಿಸೋ ಕೆಲಸವೂ ಹಂಗೇ.

ನೀರು ಅಂದ್ರೆ ಬರೀ ನೀರು ಹಾಕಿದ್ರೆ ಕೆಲವು ಚಿಟ್ಟೆ ಮೇಲ್ಮೈ ಮೇಲೇ ಒದ್ದಾಡಿ ಎದ್ದು ಹೋಗ್ತವೆ, ಸೋಪಿನ ಪುಡಿ ಒಂದು ಚಿಟಿಕೆ ಹಾಕಿದ್ರೆ ಮುಳುಗ್ತವೆ. ಬೇಸಿಗೇಲಿ ಸೋಪಿನ ಜೊತೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ರೆ ನೀರು ಬೇಗ ಆರಲ್ಲ. ಆದ್ರೂ ಏಪ್ರಿಲಲ್ಲಿ ಎರಡು ದಿನ ನೋಡದೆ ಬಿಟ್ರೆ ತಟ್ಟೆ ಒಣಗಿ ಕೂತಿರುತ್ತೆ, ಒಣಗಿದ ತಟ್ಟೆಗೆ ಚಿಟ್ಟೆ ಬಂದು ಹೋಗುತ್ತೆ ಅಷ್ಟೇ. ತಟ್ಟೆ ಇನ್ನೂ ಆಳ ಇದ್ದಿದ್ರೆ ಈ ಕಷ್ಟ ಇರ್ತಿರಲಿಲ್ಲ, ತಯಾರು ಮಾಡೋರು ಇದನ್ನ ಯೋಚ್ನೆ ಮಾಡ್ಬೇಕು. ನಾಯಿ ಬಂದು ನೀರು ಕುಡಿಯೋದು, ನವಿಲು ತಟ್ಟೆ ಉರುಳಿಸೋದು ಎಲ್ಲಾ ಇದೆ. ಡೆಲ್ಟ ಟ್ರಾಪ್ ಅಂತ ಮನೆ ಚಾವಣಿ ಆಕಾರದ ಅಂಟು ಹಾಳೆ ಇರೋದೂ ಬರುತ್ತೆ, ಅದಕ್ಕೆ ನೀರಿನ ತಲೆನೋವಿಲ್ಲ, ಎಣಿಸೋಕೆ ಸುಲಭ, ಆದ್ರೆ ನಮ್ಮ ಧೂಳಿಗೆ ಅಂಟು ಬೇಗ ಸಾಯುತ್ತೆ, ರಸ್ತೆ ಪಕ್ಕದ ತೋಟಕ್ಕಂತೂ ನೀರಿಂದೇ ವಾಸಿ.

ಅಂಗಡಿ ಬಗ್ಗೆ ಒಂದು ಮಾತು, ಹೆಸರು ಬೇಡ. ನನಗೆ ಮೊದಲ ಸಲ ಕೊಟ್ಟ ಲೂರ್ ಕವರ್ ಮೇಲೆ ತಯಾರಿಸಿದ ತಾರೀಖು ಅಳಿಸಿಹೋಗಿತ್ತು, ಕಿಟಕಿ ಪಕ್ಕ ಬಿಸಿಲಲ್ಲಿ ನೇತುಹಾಕಿದ್ರು. ಲೂರ್ ಬಿಸಿಲಲ್ಲಿ ಇಟ್ಟು ಮಾರೋ ವಸ್ತು ಅಲ್ಲ, ತಣ್ಣಗಿರೋ ಕಡೆ ಇಡಬೇಕು, ಫ್ರಿಜ್ಜಲ್ಲಿ ಇಟ್ರೆ ಇನ್ನೂ ಒಳ್ಳೇದು. ಆ ಲೂರ್ ಹಾಕಿದ ತಟ್ಟೇಲಿ ಏನೂ ಬೀಳಲಿಲ್ಲ, ಬೇರೆ ಅಂಗಡಿಯಿಂದ ತಂದ ಹೊಸ ಲೂರ್ ಪಕ್ಕದ ಸಾಲಲ್ಲಿ ಹಾಕಿದ ಮಾರನೇ ದಿನವೇ ಬಿತ್ತು. ಹಾಗಾಗಿ ತಟ್ಟೆ ಖಾಲಿ ಇದ್ರೆ ಹುಳ ಇಲ್ಲ ಅಂತ ಖುಷಿ ಪಡೋಕೆ ಮುಂಚೆ ಲೂರ್ ಜೀವ ಇದೆಯಾ ಅಂತ ಯೋಚ್ನೆ ಮಾಡಿ. ಇನ್ನೊಂದು, ಕಾಯಿ ಕೊರೆಯೋ ಹಸಿರು ಹುಳದ ಲೂರೂ ನೋಡೋಕೆ ಇದೇ ಥರ ಇರುತ್ತೆ, ಅಂಗಡಿ ಹುಡುಗರು ಟೊಮೆಟೊ ಲೂರ್ ಅಂದ್ರೆ ಅದನ್ನೇ ಕೊಟ್ಟುಬಿಡ್ತಾರೆ. ಒಂದು ಹುಳದ ವಾಸನೆಗೆ ಇನ್ನೊಂದು ಬರಲ್ಲ. ಕವರ್ ಮೇಲೆ ಟ್ಯೂಟ ಅಬ್ಸೊಲ್ಯೂಟ ಅಂತ ಇರಬೇಕು, ಇತ್ತೀಚೆಗೆ ವಿಜ್ಞಾನಿಗಳು ಇದನ್ನ ಆಲೂಗಡ್ಡೆ ಗೆಡ್ಡೆ ಕೊರೆಯೋ ಚಿಟ್ಟೆಯ ಗುಂಪಿಗೆ ಸೇರಿಸಿ ಥೋರಿಮಿಯ ಅಬ್ಸೊಲ್ಯೂಟ ಅಂತ ಮಾಡಿದಾರೆ, ಎರಡರಲ್ಲಿ ಯಾವುದು ಇದ್ರೂ ಒಂದೇ. ಲೂರ್ ಸಿಕ್ಕಿಸೋವಾಗ ಕೈಗೆ ಔಷಧಿ, ತಂಬಾಕು, ಬೇರೆ ಲೂರ್ ತಾಗಿರಬಾರದು, ಒಂದು ಕವರ್ ಕೈಗೆ ಹಾಕ್ಕೊಂಡು ಮಾಡಿದ್ರೆ ಮುಗೀತು.

ಹಳದಿ ಅಂಟು ಹಾಳೆನ ಊಜಿಗೆ ಅಂತ ಮಾರೋರೂ ಇದಾರೆ. ಹಳದಿ ಹಾಳೆಗೆ ಬರೋದು ಬಿಳಿ ನೊಣ, ಗಿಡದ ಹೇನು, ರಂಗೋಲಿ ಹುಳದ ನೊಣ. ಈ ರಂಗೋಲಿ ಹುಳನೂ ಎಲೆ ಒಳಗೇ ಇರೋದು, ಅದಕ್ಕೇ ಗೊಂದಲ. ಅದು ಚಿಟ್ಟೆ ಮರಿ ಅಲ್ಲ, ಎರಡು ಮಿಲಿಮೀಟರ್ ಇರೋ ಕಪ್ಪು ಹಳದಿ ನೊಣದ ಮರಿ, ತಾಯಿ ನೊಣ ಎಲೆ ಚುಚ್ಚಿ ಎಲೆ ಒಳಗೇ ಮೊಟ್ಟೆ ಇಡುತ್ತೆ, ಚುಚ್ಚಿದ ಜಾಗ ಬಿಳಿ ಚುಕ್ಕೆ ಚುಕ್ಕೆ ಕಾಣುತ್ತೆ, ಮರಿಗೆ ಕಾಲಿಲ್ಲ ತಲೆ ಗೊತ್ತಾಗಲ್ಲ, ತಿಂದ ದಾರಿ ಬಿಳಿ ಗೆರೆ ಥರ ಸುತ್ತಿ ಸುತ್ತಿ ಹೋಗುತ್ತೆ, ಆಮೇಲೆ ಎಲೆ ಸೀಳ್ಕೊಂಡು ಮಣ್ಣಿಗೆ ಬಿದ್ದು ಕೋಶ ಆಗುತ್ತೆ. ಕಾಯಿಗೆ ಅದು ಹೋಗಲ್ಲ. ಗೆರೆ ಇದ್ರೆ ನೊಣ, ಅಗಲ ಮಚ್ಚೆ ಒಳಗೆ ಹಿಕ್ಕೆ ಇದ್ರೆ ಊಜಿ, ಇಷ್ಟು ನೋಡಿ ಆಮೇಲೆ ಅಂಗಡಿಗೆ ಹೋಗಿ. ಗೆರೆ ನೋಡಿ ಊಜಿ ಲೂರ್ ತಂದ್ರೆ ದುಡ್ಡು ದಂಡ.

ಇದರ ದೊಡ್ಡ ಮಿತಿ ಈಗ ಹೇಳ್ತೀನಿ. ಬೀಳೋದು ಗಂಡು ಮಾತ್ರ. ಒಂದು ಗಂಡು ಎಷ್ಟೋ ಹೆಣ್ಣಿನ ಜೊತೆ ಕೂಡುತ್ತೆ, ಹಾಗಾಗಿ ನೂರಕ್ಕೆ ಎಂಬತ್ತು ಗಂಡು ಸತ್ರೂ ಉಳಿದಿರೋವು ಸಾಕು. ಎಲ್ಲಾ ಕಡೆ ಮುಚ್ಚಿದ ಪಾಲಿಹೌಸಲ್ಲಾದ್ರೆ ಬೇರೆ, ಬಯಲು ತೋಟದಲ್ಲಿ ಈಗಾಗ್ಲೇ ಕೂಡಿರೋ ಹೆಣ್ಣು ಪಕ್ಕದ ತೋಟದಿಂದ ಹಾರ್ಕೊಂಡು ಬಂದು ನಮ್ಮ ಗಿಡದಲ್ಲಿ ಮೊಟ್ಟೆ ಇಡುತ್ತೆ, ನಮ್ಮ ಟ್ರಾಪಿಗೂ ಅದಕ್ಕೂ ಮಾತುಕತೆನೇ ಇಲ್ಲ.

ಮತ್ತೆ ಪಕ್ಕದ ತೋಟ ಅಂದ್ರೆ ನಮ್ಮ ಕಡೆ ಕಥೆ ಎಲ್ಲರಿಗೂ ಗೊತ್ತು. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್ಟಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತು, ಆವಾಗ ಒಂದೊಂದು ಕಾಯಿನೂ ಆರಿಸಿ ತಂದ್ರು, ರಾತ್ರಿ ತೋಟಕ್ಕೆ ಕಾವಲು ಕೂತ್ರು. ರೇಟ್ ಬಿದ್ದಾಗ ಕೊಯ್ಲು ಕೂಲಿ, ಬಾಕ್ಸ್ ಬಾಡಿಗೆ, ಆಟೋ ಖರ್ಚು ಕೂಡ ಹುಟ್ಟಲ್ಲ, ಜನ ನೀರು ನಿಲ್ಸಿ ತೋಟ ಹಂಗೇ ಬಿಟ್ಟುಬಿಡ್ತಾರೆ, ಅವರ ಮನಸ್ಸಿಗೆ ಆಗಿರೋ ನೋವಲ್ಲಿ ಗಿಡ ಕಿತ್ತು ಸುಡಿ ಅಂತ ಹೇಳೋಕೆ ನಮಗೂ ಬಾಯಿ ಬರಲ್ಲ. ಆದ್ರೆ ಆ ಬಿಟ್ಟ ತೋಟ ಊಜಿಗೆ ತವರುಮನೆ. ಕಾಯಿ ಕೆಂಪಾಗಿ ಉದುರಿ ನೆಲದಲ್ಲಿ ಬಿದ್ದಿರುತ್ತೆ, ಒಳಗೆ ಹುಳ, ಕೆಳಗೆ ಮಣ್ಣಲ್ಲಿ ಕೋಶ, ತಿಂಗಳಲ್ಲಿ ಚಿಟ್ಟೆ ಎದ್ದು ಹಸಿರಿರೋ ತೋಟ ಹುಡುಕ್ಕೊಂಡು ಹೊರಡ್ತವೆ. ಬದು ಕಡೆ ಇಟ್ಟಿದ್ದ ನಮ್ಮ ತಟ್ಟೆ ಒಂದೇ ವಾರದಲ್ಲಿ ತುಂಬಿ ಕಪ್ಪಾಗಿದ್ದು ಪಕ್ಕದ ತೋಟಕ್ಕೆ ನೀರು ನಿಲ್ಲಿಸಿದ ಮೇಲೆ. ಟ್ರಾಪ್ ಇದ್ದಿದ್ದಕ್ಕೆ ಅದು ಕಣ್ಣಿಗೆ ಬಿತ್ತು, ತಟ್ಟೇನೇ ಎತ್ಕೊಂಡು ಹೋಗಿ ತೋರಿಸಿದೆ, "ನೋಡು ಚಿಕ್ಕಪ್ಪ, ಇದು ನಿಮ್ಮ ಹಳೇ ಗಿಡದಿಂದ ಬರ್ತಿರೋದು, ನಿಮ್ಮ ಮುಂದಿನ ಬೆಳೆಗೂ ಇದೇ ಬರೋದು" ಅಂತ. ಅವರು ಏನೂ ಮಾತಾಡಲಿಲ್ಲ, ಆದ್ರೆ ರೋಟವೇಟರ್ ತರಿಸಿ ಗಿಡ ಎಲ್ಲಾ ಹೊಡೆಸಿ ಮಣ್ಣು ತಿರುವಿ ಹಾಕಿಸಿದ್ರು. ಬಾಯಲ್ಲಿ ಹೇಳಿದ್ರೆ ಒಪ್ತಿರಲಿಲ್ಲ, ತಟ್ಟೆ ತುಂಬ ಚಿಟ್ಟೆ ನೋಡಿ ಒಪ್ಕೊಂಡ್ರು. ನನ್ನ ಪ್ರಕಾರ ಈ ಪ್ರಾಡಕ್ಟಿಂದ ಆದ ಅತೀ ದೊಡ್ಡ ಲಾಭ ಇದೇ.

ಔಷಧಿ ವಿಷಯಕ್ಕೆ ಬಂದ್ರೆ, ಟ್ರಾಪ್ ಇಟ್ಟ ಮಾತ್ರಕ್ಕೆ ಹೊಡೆಯೋದು ನಿಲ್ಲಲ್ಲ, ಆದ್ರೆ ವಾರಕ್ಕೊಂದು ಸಲ ಕಣ್ಣು ಮುಚ್ಕೊಂಡು ಹೊಡೆಯೋದು ನಿಲ್ಲುತ್ತೆ. ಮೊಟ್ಟೆ ಒಡೆಯೋ ಹೊತ್ತಿಗೆ ಬೇವಿನ ಔಷಧಿ ಅಥವಾ ಎಲೆ ಒಳಗೆ ಇಳಿಯೋ ಗುಣ ಇರೋ ಔಷಧಿ ಸಂಜೆ ಹೊತ್ತಲ್ಲಿ, ಎಲೆ ಅಡಿ ನೆನೆಯೋ ಥರ. ಒಂದೇ ಗುಂಪಿನ ಔಷಧಿನ ತಲೆಮಾರು ಮೇಲೆ ತಲೆಮಾರಿಗೆ ಹೊಡೆದ್ರೆ ಅದಕ್ಕೆ ಒಗ್ಗಿದ ಹುಳ ಮಾತ್ರ ಉಳಿದು ಅದರ ಸಂತಾನವೇ ಬೆಳೆಯುತ್ತೆ, ಯೂರೋಪಲ್ಲಿ ಈ ಹುಳ ಡಯಮೈಡ್ ಗುಂಪಿನ ಔಷಧಿಗೆ ಜಗ್ಗದ ಹಾಗೆ ಆಗಿರೋದು ಆಗ್ಲೇ ಕಂಡಿದೆ. ಬಾಟಲ್ ಮೇಲೆ ಬ್ರಾಂಡ್ ಹೆಸರು ಬೇರೆ ಇದ್ದು ಒಳಗಿನ ಮದ್ದು ಅದೇ ಇರುತ್ತೆ, ಬ್ರಾಂಡ್ ಬದಲಾಯಿಸಿದೆ ಅಂದ್ಕೊಳ್ಳೋರು ಲೇಬಲ್ಲಲ್ಲಿ ಮದ್ದಿನ ಹೆಸರು ಓದಿ. ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತಲೂ ಅಲ್ಲೇ ಬರೆದಿರುತ್ತೆ, ದಯವಿಟ್ಟು ಅದನ್ನ ಪಾಲಿಸಿ, ತಿನ್ನೋದು ನಮ್ಮ ಥರದ ಮನೆ ಮಕ್ಕಳೇ.

ಮತ್ತೆ ರೇಷ್ಮೆ. ನಮ್ಮ ಬದುವಿನ ಆ ಕಡೆ ದೊಡ್ಡಪ್ಪನ ಹಿಪ್ಪುನೇರಳೆ ತೋಟ, ಚಿಂತಾಮಣಿ ಶಿಡ್ಲಘಟ್ಟ ಕಡೆಯಂತೂ ಟೊಮೆಟೊ ರೇಷ್ಮೆ ಅಕ್ಕಪಕ್ಕವೇ. ಊಜಿಗೆ ಹೊಡೆಯೋ ಡಯಮೈಡ್ ಔಷಧಿ ಗಾಳೀಲಿ ಸ್ವಲ್ಪ ತೇಲಿ ಸೊಪ್ಪಿನ ಮೇಲೆ ಕೂತ್ರೂ ಹುಳು ಮನೆ ಪೂರ್ತಿ ಹೋಗುತ್ತೆ, ರೇಷ್ಮೆ ಹುಳುನೂ ಚಿಟ್ಟೆ ಮರಿನೇ ಅಲ್ವಾ, ಬೀಟಿ ಪುಡಿ, ಅಂದ್ರೆ ಹುಳ ಸಾಯಿಸೋ ಬ್ಯಾಕ್ಟೀರಿಯದ ಔಷಧಿ ಕೂಡ ಅದಕ್ಕೆ ವಿಷವೇ. ಲೂರ್ ವಾಸನೆಯಿಂದ ರೇಷ್ಮೆಗೆ ಏನೂ ಆಗಲ್ಲ. ತಟ್ಟೆ ಎಣಿಕೆ ನೋಡಿ ಹೊಡೆಯೋ ದಿನ ಮುಂಚೆ ಗೊತ್ತಾಗ್ತಿದ್ದಿದ್ದಕ್ಕೆ "ದೊಡ್ಡಪ್ಪ, ನಾಳಿದ್ದು ಹೊಡೀತೀವಿ, ಸೊಪ್ಪು ಕಟಾವು ಮಾಡ್ಕೊಂಡುಬಿಡಿ" ಅಂತ ಹೇಳೋಕೆ ಆಯ್ತು. ಇದಕ್ಕೆ ಬೆಲೆ ಕಟ್ಟೋಕಾಗಲ್ಲ.

ಸಿಕ್ಕಾಪಟ್ಟೆ ಹೊಡೆಯದೆ ಇದ್ದಿದ್ದಕ್ಕೆ ಇನ್ನೊಂದು ಕಂಡಿದ್ದು, ಎಲೆ ಅಡೀಲಿ ತೆಳ್ಳಗೆ ಹಸಿರಾಗಿರೋ ಒಂದು ಸಣ್ಣ ತಿಗಣೆ, ನೆಸಿಡಿಯೊಕೋರಿಸ್ ಅಂತ. ಅದು ಊಜಿ ಮೊಟ್ಟೆನೂ ಸಣ್ಣ ಮರಿನೂ ಹೀರಿ ತಿನ್ನುತ್ತೆ. ಜಾಸ್ತಿ ಆಗಿ ತಿನ್ನೋಕೆ ಹುಳ ಇಲ್ಲದಿದ್ರೆ ಟೊಮೆಟೊ ಕಾಂಡದ ಸುತ್ತ ಕಂದು ಬಳೆ ಮಾಡುತ್ತೆ ನಿಜ, ಆದ್ರೂ ನನಗೆ ಅದು ಇರೋದೇ ಇಷ್ಟ.

ಟ್ರಾಪ್ ಜೊತೆ ಮಾಡಿದ ಬೇರೆ ಕೆಲಸಗಳನ್ನೂ ಹೇಳದೆ ಇದ್ರೆ ಟ್ರಾಪಿಗೆ ಸಲ್ಲದ ಹೆಸರು ಕೊಟ್ಟ ಹಾಗಾಗುತ್ತೆ. ನರ್ಸರಿಯಿಂದ ಸಸಿ ತಂದಾಗ ಟ್ರೇ ಟ್ರೇ ತಿರುಗಿಸಿ ಮಚ್ಚೆ ಇರೋ ಸಸಿ ಅಲ್ಲೇ ವಾಪಸ್ ಕೊಟ್ಟೆ, ಹುಳ ಎಷ್ಟೋ ಸಲ ಸಸಿ ಜೊತೇಲೇ ತೋಟಕ್ಕೆ ಬರುತ್ತೆ. ಮಚ್ಚೆ ಬಿದ್ದ ಕೆಳಗಿನ ಎಲೆ, ತೂತು ಬಿದ್ದ ಕಾಯಿ ಕಿತ್ತು ಸಾಲಲ್ಲೇ ಬಿಸಾಕದೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಬಿಸಿಲಿಗೆ ಇಟ್ವಿ, ಒಳಗಿನ ಸೆಖೆಗೇ ಹುಳ ಸಾಯುತ್ತೆ. ಬದು ಮೇಲಿನ ಗಣಿಕೆ ಗಿಡ, ಉಮ್ಮತ್ತಿ ಗಿಡ ತೆಗೆಸಿದ್ವಿ, ಟೊಮೆಟೊ ಇಲ್ಲದಾಗ ಅದು ಅಲ್ಲಿ ಕಾಲ ಹಾಕುತ್ತೆ. ಆಲೂಗಡ್ಡೆ, ಬದನೆಗೂ ಬರುತ್ತೆ, ಹಾಗಾಗಿ ಟೊಮೆಟೊ ಕಿತ್ತ ಜಾಗಕ್ಕೆ ಈ ಸಲ ಬದನೆ ಬೇಡ ಅಂತ ಬೀನ್ಸ್ ಹಾಕಿದೀವಿ.

ಬೆಲೆಗೆ ನನ್ನ ದೂರಿಲ್ಲ, ಒಂದು ಸಲ ಔಷಧಿ ಹೊಡೆಯೋ ಖರ್ಚು, ಆಳಿನ ಕೂಲಿ ಸೇರಿಸಿದ್ರೆ ಅದರ ಸಣ್ಣ ಪಾಲಲ್ಲಿ ಎಕರೆಗೆ ಬೇಕಾಗೋ ಎರಡು ಮೂರು ಟ್ರಾಪ್ ಬಂದುಬಿಡುತ್ತೆ. ತಟ್ಟೆ ಆಳ ಕಡಿಮೆ, ಚೀಟೀಲಿ ಕನ್ನಡ ಇಲ್ಲ, ಕಟ್ಟೋ ಎತ್ತರ ಬರೆದಿಲ್ಲ, ಲೂರ್ ತಾರೀಖು ಅಳಿಸಿಹೋಗೋ ಇಂಕಲ್ಲಿ ಹಾಕ್ತಾರೆ, ಇವಕ್ಕೆ ಒಂದು ಸ್ಟಾರ್ ಕಟ್, ಐದಕ್ಕೆ ನಾಲ್ಕು. ಮಚ್ಚೆ ಯಾವ ಹುಳದ್ದು ಅಂತ ಡೌಟ್ ಇದ್ರೆ ಕೋಲಾರದ ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಚ್ಚೆ ಇರೋ ಎಲೆನೇ ಕವರಲ್ಲಿ ಹಾಕ್ಕೊಂಡು ಹೋಗಿ ತೋರಿಸಿ, ಆಮೇಲೆ ಲೂರ್ ತಗೊಳ್ಳಿ. ಒಂದು ಊರಲ್ಲಿ ಹತ್ತು ತೋಟದೋರು ಒಂದೇ ವಾರ ಟ್ರಾಪ್ ಇಟ್ಟು ಎಣಿಕೆ ವಾಟ್ಸಪ್ಪಲ್ಲಿ ಹಾಕ್ಕೊಳ್ಳೋ ಹಾಗಾದ್ರೆ ಯಾವ ದಿಕ್ಕಿಂದ ಬರ್ತಿದೆ ಅಂತಲೂ ಗೊತ್ತಾಗುತ್ತೆ, ನಮ್ಮ ಬೀದಿ ಹುಡುಗರು ಮೂರ್ನಾಲ್ಕು ಜನ ಯುಗಾದಿ ಆದ್ಮೇಲೆ ಇಡೋ ಬೆಳೆಗೆ ಒಪ್ಕೊಂಡಿದಾರೆ, ನಿಮ್ಮ ಊರಲ್ಲಿ ಯಾರಾದ್ರೂ ಹಿಂಗೆ ಮಾಡಿದ್ರೆ ಎಷ್ಟು ಎತ್ತರಕ್ಕೆ ಕಟ್ಟಿದ್ರಿ, ಯಾವ ತಿಂಗಳು ಜಾಸ್ತಿ ಬಿತ್ತು ಬರೀರಿ.